ಹನ್ನೆರಡು ಮೀಟರಿಗೊಂದು ದೀಪ

ಹಳೆಯ ಸುಂಕದ ಮನೆ ದಾಟಿದ ಮೇಲೆ ಮಾವನ ನಡಿಗೆ ಬದಲಾಗಿರುವುದು ಅವಳ ಗಮನಕ್ಕೆ ಬಂತು. ಅಲ್ಲಿಯವರೆಗೆ ಅವರು ನಿಂತು ನಿಂತು ನೋಡುತ್ತ ಬರುತ್ತಿದ್ದರು. ನಲವತ್ತೆರಡು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಗೋಡೆ ಕಂಡರೆ ಗೋಡೆಯನ್ನು, ಕಂಬ ಕಂಡರೆ ಕಂಬವನ್ನು ಅಂಗೈಯಿಂದ ಸವರಿ ನೋಡದೆ ಬಿಡುತ್ತಿರಲಿಲ್ಲ. “ಕಲ್ಲಿಗೆ ಕಲ್ಲು ಕೂಡ್ಸಿರೋದು ನೋಡಮ್ಮ, ಹೊಲಿಗೇನೇ ಕಾಣ್ಸಲ್ಲ” ಎಂದಿದ್ದರು. ನದಿಗೆ ಮುಖ ಮಾಡಿ ನಿಂತ ಹಳೆಯ ವ್ಯಾಪಾರಿಗಳ ಮಹಡಿಮನೆಗಳನ್ನು ನೋಡಿ, ಎಲ್ಲವನ್ನೂ ಒಂದೇ ಥಾನಿನಿಂದ ಕತ್ತರಿಸಿದ ಹಾಗಿದೆ ಅಂದಿದ್ದರು. ಅವಳು ಉಬ್ಬಿಹೋಗಿ, ಈ ಕಲ್ಲುಹಾಸಿನ ಅಗಲ ಇಷ್ಟೇ ಏಕೆ, ಬೆಂಚುಗಳಿಗೆ ಬೆನ್ನು ಏಕಿಲ್ಲ, ದೀಪದ ಕಂಬಗಳು ಎಷ್ಟು ದೂರಕ್ಕೊಂದು ಎಂದೆಲ್ಲ ಹೇಳುತ್ತ ಬಂದಿದ್ದಳು. ಹದಿನಾರು ವರ್ಷಗಳಲ್ಲಿ ಮಾವನ ಜೊತೆ ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ಈಗ ಅವರು ಏನನ್ನೂ ನೋಡುತ್ತಿರಲಿಲ್ಲ. ಬರೀ ನಡೆಯುತ್ತಿದ್ದರು. ಮಂಡಿಯಿಂದ ಮೇಲಕ್ಕೆ ಕಾಲುಗಳನ್ನು ಯಾರೋ ಕಟ್ಟಿಹಾಕಿದ್ದಾರೆ ಅನ್ನುವಂಥ ಗಿಡ್ಡ ಗಿಡ್ಡ ಹೆಜ್ಜೆ. ನಡುವೆ ಒಮ್ಮೆ ಶೂ ದಾರ ಸರಿ ಇದೆಯೇ ಎಂದು ನೋಡುವವರಂತೆ ಬಗ್ಗಿದರು. ದಾರ ಸರಿಯಾಗಿಯೇ ಇತ್ತು. ಬಗ್ಗಿದ್ದಲ್ಲೇ ಕಣ್ಣು ಮುಚ್ಚಿ, ಒಂದು ಅಲೆ ಹಾದುಹೋಗಲಿ ಎಂದು ಕಾಯುವವರ ಹಾಗೆ ಕಾದು, ಆಮೇಲೆ ಎದ್ದರು.

ಅವಳಿಗೆ ತಕ್ಷಣ ಅರ್ಥವಾಯಿತು. ಅರ್ಥವಾಯಿತೆಂದು ತೋರಿಸಿಕೊಳ್ಳಬಾರದೆಂಬುದೂ ಜೊತೆಗೇ ಅರ್ಥವಾಯಿತು. ಮಾವ ಊರಿನಿಂದ ಬಂದು ನಾಲ್ಕು ದಿನವಾಗಿತ್ತು. ಕನ್ನಡಕ ಬದಲಾಯಿಸಲು ಬಂದಿದ್ದೇನೆ ಅಂತ ಎಲ್ಲರಿಗೂ ಹೇಳಿದ್ದರು. “ಅಪ್ಪನಿಗೆ ಸಕ್ಕರೆ ಇಲ್ಲ, ಬೀಪಿ ಇಲ್ಲ, ಈ ವಯಸ್ಸಲ್ಲೂ ಗುಂಡುಕಲ್ಲು” ಎಂದು ಗಂಡ ಫೋನಿನಲ್ಲಿ ಯಾರಿಗೋ ಹೆಮ್ಮೆಯಿಂದ ಹೇಳುತ್ತಿದ್ದ. ಆದರೆ ಬಾತ್‌ರೂಮಿನ ಗೋಡೆಯ ಆಚೆ ಬದಿಯಲ್ಲಿ ಮಲಗುವವಳು ಅವಳು. ರಾತ್ರಿ ನಾಲ್ಕು ಸಲ ಚಿಲಕ ಸದ್ದು ಮಾಡುತ್ತಿತ್ತು. ಆಮೇಲೆ ನಲ್ಲಿ. ಮೊದಲು ನಲ್ಲಿಯನ್ನು ಸಣ್ಣಗೆ ಬಿಟ್ಟು, ಆ ಸದ್ದಿನ ಮರೆಯಲ್ಲಿ, ತುಂಬಾ ಹೊತ್ತು, ಬಿಟ್ಟು ಬಿಟ್ಟು. ಮುದುಕನೊಬ್ಬ ತನ್ನದೇ ಮಗನ ಮನೆಯಲ್ಲಿ ಕಳ್ಳನಂತೆ ಉಚ್ಚೆ ಹೊಯ್ಯುವುದನ್ನು ಕೇಳಿಸಿಕೊಳ್ಳುತ್ತ ಮಲಗಿದ್ದ ಅವಳಿಗೆ ತಾನೇ ಏನೋ ಕದ್ದಂತೆ ಅನ್ನಿಸಿ, ದಿಂಬಿನಲ್ಲಿ ಕಿವಿ ಹುದುಗಿಸಿದ್ದಳು. ಗಂಡನಿಗೆ ಹೇಳಬೇಕಿತ್ತು. ಹೇಳಿದರೆ ಅವನು ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಎಲ್ಲರೆದುರು, ಏನಪ್ಪ ನಿಂಗೆ ಹೀಗಂತೆ ಅಂತ ಕೇಳುತ್ತಿದ್ದ. ಅವನ ಪ್ರೀತಿಗೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸವೇ ಇಲ್ಲ. ಇವತ್ತು ಹೊರಡುವ ಮುಂಚೆ ಅವಳೇ ಚಹಾ ಕೊಟ್ಟಿದ್ದಳು. ಒಂದಲ್ಲ, ಎರಡು ಲೋಟ. ಸಂತೋಷ ಹೆಚ್ಚಾದರೆ ಅವಳ ಕೈ ಚಹಾ ಬಗ್ಗಿಸುತ್ತಲೇ ಇರುತ್ತದೆ. ಬೇಡ ಅನ್ನುವುದು ಮರ್ಯಾದೆಯಲ್ಲ ಅಂತ ಅವರು ಕುಡಿದಿದ್ದರು.

“ಇನ್ನೆಷ್ಟು ದೂರ ಇದೆಯಮ್ಮ ಈ ಬೀದಿ?” ಎಂದರು ಮಾವ, ತೀರಾ ಸಹಜವಾಗಿ.

“ಸೇತುವೆಗೆ ಇನ್ನೂ ಏಳುನೂರು ಮೀಟರ್, ಮಾವ.”

ಎಂಟುನೂರ ನಲವತ್ತು. ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ನೂರ ನಲವತ್ತು ಮೀಟರನ್ನು ಯಾಕೆ ನುಂಗಿದೆ ಎಂದು ತನ್ನನ್ನೇ ಕೇಳಿಕೊಂಡಳು. ಮತ್ತೆ, ಸುಂಕದ ಮನೆಯಿಂದ ನಲವತ್ತು ಹೆಜ್ಜೆಗೆ, ಈಗ ಮೂವರು ಹುಡುಗಿಯರು ಕೂತು ಒಬ್ಬರಿಗೊಬ್ಬರು ಫೋಟೊ ತೆಗೆದುಕೊಳ್ಳುತ್ತಿದ್ದ ಆ ಕಲ್ಲುಬೆಂಚಿನ ಜಾಗದಲ್ಲಿ, ಅದು ಇತ್ತು. ಹಸಿರು ಬಣ್ಣ ಬಳಿದ, ತಗಡಿನ ಮಾಡಿನ, ಗಂಡಸರಿಗೊಂದು ಹೆಂಗಸರಿಗೊಂದು ಎಂದು ಎರಡು ಬಾಗಿಲಿನ ಕಟ್ಟಡ. ಬಾಗಿಲಲ್ಲಿ ಒಬ್ಬಳು ಹೆಂಗಸು ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಿದ್ದಳು. ಬೀದಿಯ ಅಳತೆಗೆ ಬಂದ ದಿನ ಇವಳೂ ಅದರೊಳಗೆ ಹೋಗಿದ್ದಳು. ಒಳಗೆ ಫಿನಾಯಿಲ್ ವಾಸನೆ, ನೆಲ ಒದ್ದೆ, ಆದರೆ ಚೊಕ್ಕಟ. ನಗರ ಯೋಜನೆಯ ಕಚೇರಿಯಲ್ಲಿ ಅವಳ ಕೆಲಸ ನಕ್ಷೆ ಬರೆಯುವುದು. ಮನೆಯಲ್ಲಿ ಅದಕ್ಕೆ ಗೀಟೆಳೆಯೋ ಕೆಲಸ ಅಂತ ಹೆಸರು. ನದಿಬೀದಿಯನ್ನು ಹೊಸದಾಗಿ ಮಾಡುವ ನಕ್ಷೆ ಅವಳ ಮೇಜಿಗೆ ಬಂದಾಗ ಸಾಹೇಬರು ಪರದೆಯ ಮೇಲೆ ಬೆರಳಿಟ್ಟು, “ಇದೊಂದು ನೋಟಕ್ಕೆ ಅಡ್ಡ ಬರುತ್ತೆ, ಎಲ್ಲಾದ್ರೂ ಸರಿಸಿ” ಎಂದಿದ್ದರು. ಸರಿಸಿ ಅಂದಿದ್ದರು. ತೆಗೆಯಿರಿ ಅಂದಿರಲಿಲ್ಲ. ಅವಳು ಸುಂಕದ ಮನೆಯ ಹಿಂದಕ್ಕೆ ಸರಿಸಿದಳು. ಪುರಾತನ ಕಟ್ಟಡಗಳ ಇಲಾಖೆಯವರು ಒಪ್ಪಲಿಲ್ಲ. ವಸ್ತುಸಂಗ್ರಹಾಲಯದ ಪಕ್ಕಕ್ಕೆ ಸರಿಸಿದಳು. ನೀರಿನ ಪೈಪಿನವರು ಒಪ್ಪಲಿಲ್ಲ. ಸೇತುವೆಯ ಕೆಳಗೆ ಸರಿಸಿದಳು. ಅಲ್ಲಿ ಪ್ರವಾಹದ ಗೆರೆ, ಕಟ್ಟುವಂತಿಲ್ಲ. ಮೂರು ವಾರ ಆ ಚಿಕ್ಕ ಚೌಕ ನಕ್ಷೆಯ ಮೇಲೆ ನೆಂಟರ ಮನೆಯಲ್ಲಿ ಬೇಡವಾದ ಅತಿಥಿಯ ಹಾಗೆ ಅಲ್ಲಿಂದಿಲ್ಲಿಗೆ ಅಲೆಯಿತು. ಒಂದು ಶುಕ್ರವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅವಳು ಅದನ್ನು ಆರಿಸಿ ಒಂದು ಕೀಲಿ ಒತ್ತಿದಳು. ಬೀದಿ ತಟ್ಟನೆ ಸುಂದರವಾಯಿತು. ಯಾರಾದರೂ ಕೇಳುತ್ತಾರೆ, ಕೇಳಿದಾಗ ನೋಡೋಣ ಅಂದುಕೊಂಡಳು. ಎಂಟು ಸಹಿಗಳು ಬಿದ್ದವು. ಯಾರೂ ಕೇಳಲಿಲ್ಲ. ಆಮೇಲೆ ನಕ್ಷೆಗೆ ಪ್ರಶಸ್ತಿ ಬಂತು. ಸಾಹೇಬರು ಅವಳ ಹೆಸರನ್ನೂ ಹೇಳಿದರು, ಸ್ವಲ್ಪ ತಪ್ಪಾಗಿ.

ಪಕ್ಕದಲ್ಲಿ ಉಸಿರು ಹಲ್ಲಿನ ಸಂದಿಯಿಂದ ಹೊರಬಿದ್ದ ಸದ್ದಾಯಿತು. ಮಾವ ಒಂದು ದೀಪದ ಕಂಬಕ್ಕೆ ಕೈಯಾನಿಸಿ ನಿಂತು, ಅದರ ತಲೆಯನ್ನು ತುಂಬ ಆಸಕ್ತಿಯಿಂದ ನೋಡುತ್ತಿರುವವರ ಹಾಗೆ ಕತ್ತೆತ್ತಿದ್ದರು. ಇನ್ನೂ ಕತ್ತಲಾಗಿರಲಿಲ್ಲ, ಆದರೆ ದೀಪಗಳು ಹತ್ತಿಕೊಂಡಿದ್ದವು. ಗಂಡಸರಿಗೆ ಒಂದು ಮೂಲೆ ಸಾಕು. ಒಂದು ಗೋಡೆ, ಒಂದು ಮರದ ಹಿಂಬದಿ, ಸ್ವಲ್ಪ ನೆರಳು. ಅವಳು ಆ ಬದಿ ಈ ಬದಿ ನೋಡಿದಳು. ಹನ್ನೆರಡು ಮೀಟರಿಗೊಂದು ದೀಪ. ಒಂದರ ಬೆಳಕು ಮುಗಿಯುವ ಮುಂಚೆ ಇನ್ನೊಂದರದ್ದು ಶುರು. ಹೆಂಗಸರು ಹೆದರದೆ ಓಡಾಡಲಿ ಎಂದು ವಾದಿಸಿ ಹಾಕಿಸಿದ್ದು ಅವಳೇ. ಅದು ಸರಿಯಾದ ಕೆಲಸವೇ ಆಗಿತ್ತು. ಇಡೀ ಬೀದಿಯಲ್ಲಿ ಒಬ್ಬ ಮುದುಕ ಗೋಡೆಗೆ ಮುಖ ಮಾಡಿ ನಿಲ್ಲುವಷ್ಟು ಕತ್ತಲನ್ನೂ ಅವಳು ಉಳಿಸಿರಲಿಲ್ಲ. ಎಲ್ಲೆಲ್ಲೂ ಜನ, ಕೈ ಕೈ ಹಿಡಿದವರು, ನಾಯಿ ಹಿಡಿದವರು, ಮಕ್ಕಳ ಗಾಡಿ ತಳ್ಳುವವರು. ಎಲ್ಲರೂ ತುಂಬ ಸುಖವಾಗಿ, ಖಾಲಿಯಾಗಿ ಇದ್ದಂತೆ ಅವಳಿಗೆ ಕಂಡಿತು.

“ಮಾವ,” ಎಂದಳು, ಯೋಚಿಸದೆ, “ನಂಗೆ ಒಂದು ನಿಮಿಷ ಬಾತ್‌ರೂಮಿಗೆ ಹೋಗ್ಬೇಕಿತ್ತು.”

ಅವರ ಮುಖದಲ್ಲಿ ಮೂಡಿದ ಕೃತಜ್ಞತೆಯನ್ನು ನೋಡಲಾಗದೆ ನದಿಯ ಕಡೆ ತಿರುಗಿದಳು.

“ಹೋಗ್ಬಾ ತಾಯಿ, ಅದಕ್ಕೇನಂತೆ. ತಡಕೋಬಾರ್ದು, ದೇಹಕ್ಕೆ ಒಳ್ಳೇದಲ್ಲ. ಎಲ್ಲಿದೆ, ನಾನೂ ಬರ್ತೀನಿ ನಡಿ. ಒಬ್ಬಳೇ ಎಲ್ಲಿ ಹುಡುಕ್ತೀಯ?” ಅಂದವರೇ ಅವಳಿಗಿಂತ ಮುಂದೆ ಹೊರಟರು.

ಗಾಜಿನ ಬಾಗಿಲಿನ ಚಹಾದಂಗಡಿ ಮುಂಚೆ ಹಗ್ಗದ ಗೋದಾಮಾಗಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕೌಂಟರಿನವನು ಅವಳು ಕೇಳಿದ್ದನ್ನು ಅರ್ಧಕ್ಕೇ ತಡೆದು, ದಿನಕ್ಕೆ ನೂರು ಸಲ ಹೇಳಿ ಸವೆದ ದನಿಯಲ್ಲಿ, “ನಮ್ಮಲ್ಲಿ ಇಲ್ಲ ಮೇಡಂ. ನಾವೇ ಸೇತುವೆ ಆಚೆ ಓಡ್ತೀವಿ” ಎಂದ. ಅವಳ ಹಿಂದೆ ನಿಂತ ಮಾವನನ್ನು ನೋಡಿ ಸ್ವಲ್ಪ ಕರಗಿ, “ಮುಂಚೆ ಅಲ್ಲೊಂದಿತ್ತು, ಬೆಂಚಿನ ಹತ್ರ. ಯಾರೋ ಪುಣ್ಯಾತ್ಮರು ಕಿತ್ಹಾಕ್ಸಿದ್ರು. ಆಫೀಸಲ್ಲಿ ಕೂತು ಬರೆಯೋರಿಗೆ ಉಚ್ಚೆ ಬರಲ್ವೇನೋ!” ಅಂದ. ಸಾಲಿನಲ್ಲಿದ್ದ ಇಬ್ಬರು ನಕ್ಕರು. ಮಾವನೂ ನಕ್ಕರು. ಸಭ್ಯತೆಗೆ ನಕ್ಕದ್ದು, ಆದರೆ ಆ ನಗು ಹೊಟ್ಟೆಯನ್ನು ಅಲುಗಿಸಿತೇನೋ, ಅರ್ಧದಲ್ಲೇ ನಿಂತುಹೋಯಿತು. ಅವಳೂ ನಕ್ಕಳು. ಹೊರಗೆ ಬಂದ ಮೇಲೆ ಮಾವ ಅವಳ ಪರವಾಗಿ ಸಿಟ್ಟು ಮಾಡಿಕೊಂಡು, “ಎಂಥ ಜನ ನೋಡು, ಹೆಣ್ಮಕ್ಕಳ ಮುಂದೆ ಮಾತಾಡೋ ರೀತಿನಾ ಇದು” ಎಂದರು. ಆಗ, ಆ ಕ್ಷಣದಲ್ಲಿ, ಹೇಳಿಬಿಡಬಹುದಿತ್ತು. ಆ ಪುಣ್ಯಾತ್ಮಳು ನಾನೇ ಮಾವ ಎಂದು. ಹೇಳಿ ಏನಾಗುತ್ತದೆ, ಕಟ್ಟಡ ಎದ್ದು ನಿಲ್ಲುತ್ತದೆಯೇ? ಅವರ ಹಣೆಯಲ್ಲಿ ಬೆವರಿನ ಸಣ್ಣ ಹನಿಗಳು ಸಾಲಾಗಿದ್ದವು. ತಾವೇ ಹೊಲಿದುಕೊಂಡ ತಿಳಿಬೂದು ಬಣ್ಣದ ಪ್ಯಾಂಟು, ಬೆಳಿಗ್ಗೆ ತಾವೇ ಇಸ್ತ್ರಿ ಮಾಡಿಕೊಂಡದ್ದು. ಅದರ ಮಡಿಕೆ ಗೆರೆ ಎಳೆದಂತೆ ನೇರವಾಗಿತ್ತು. ಕಪ್ಪಾದರೂ ಹಾಕಿಕೊಂಡು ಬರಬಾರದಿತ್ತೇ ಎಂದು ಅವಳಿಗೆ ವಿನಾಕಾರಣ ಅವರ ಮೇಲೇ ರೇಗಿತು.

ನಾಲ್ಕು ಹೆಜ್ಜೆ ಹಿಂದೆ ಉಳಿದು ಗಂಡನಿಗೆ ಫೋನು ಮಾಡಿದಳು. ಅವನು ಏಳು ಗಂಟೆಗೆ ಸೇತುವೆಯ ಬಳಿ ಕಾರು ತರುವುದೆಂದು ಮಾತಾಗಿತ್ತು. ಬೀದಿಯೊಳಗೆ ವಾಹನ ಬಿಡುವುದಿಲ್ಲ.

“ಈಗಲೇ ಬರೋಕಾಗತ್ತಾ?”

“ಯಾಕೆ, ಏನಾಯ್ತು?”

ಮಾವ ನಿಂತು ಹಿಂದಿರುಗಿ ನೋಡಿದರು. “ಏನಿಲ್ಲ. ಸುಮ್ನೆ. ಸಾಕು ಅನ್ನಿಸ್ತು.”

“ನೀನೇ ತಾನೆ ತೋರಿಸ್ಬೇಕು ತೋರಿಸ್ಬೇಕು ಅಂತ ಎರಡು ದಿನದಿಂದ ಕುಣೀತಿದ್ದೆ? ಅಪ್ಪ ಆರಾಮಾಗಿ ನೋಡ್ಲಿ ಬಿಡು. ಮೀಟಿಂಗಲ್ಲಿದೀನಿ.” ಕಟ್ಟಾಯಿತು. ಕುಣೀತಿದ್ದೆ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಕುಣಿದದ್ದು ನಿಜ. ಅತ್ತೆ ಬದುಕಿದ್ದಾಗ ಒಮ್ಮೆ, ನೆಂಟರೊಬ್ಬರು ಸೊಸೆ ಏನು ಮಾಡುತ್ತಾಳೆ ಎಂದು ಕೇಳಿದಾಗ, ಮಾವ ಸ್ವಲ್ಪ ಯೋಚಿಸಿ, “ಕಂಪ್ಯೂಟರಲ್ಲಿ ಏನೋ ಬರೀತಾಳೆ” ಅಂದಿದ್ದರು. ತಾತ್ಸಾರವೇನೂ ಅಲ್ಲ, ನಿಜವಾಗಿ ಗೊತ್ತಿರಲಿಲ್ಲ. ಅವರು ಹೊಲಿದ ಕೋಟು ತೊಟ್ಟವರು ಊರಿನಲ್ಲಿ ಇನ್ನೂ ಓಡಾಡುತ್ತಿದ್ದರು, ಬೆರಳು ತೋರಿಸಿ ಇದು ನನ್ನ ಕೈಯದ್ದು ಅನ್ನಬಹುದಿತ್ತು. ಅವಳಿಗೂ ಒಮ್ಮೆ ಹಾಗೆ ಬೆರಳು ತೋರಿಸಬೇಕಿತ್ತು, ಅಷ್ಟೇ.

ವಸ್ತುಸಂಗ್ರಹಾಲಯದ ಕಾವಲುಗಾರ ಕಬ್ಬಿಣದ ಗೇಟನ್ನು ಎಳೆಯುತ್ತಿದ್ದ. ಹಿಂದಿನ ಕಾಲದಲ್ಲಿ ದೋಣಿಯಿಂದ ಇಳಿದ ಮಾಲನ್ನು ತೂಗುತ್ತಿದ್ದ ಕಟ್ಟಡ ಅದು. ಟೈಮಾಯ್ತು ಅಂದ. ಅವಳು ದನಿ ತಗ್ಗಿಸಿ ಕೇಳಿದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಬೀಗದಕೈ ಗೊಂಚಲು ಕುಲುಕಿ, “ಹೆಂಗಸರು ಅಂತ ಬಿಡ್ತೀನಿ. ಬೇಗ ಬಂದ್ಬಿಡಿ. ನೀವೊಬ್ರೇ” ಎಂದ.

“ಇವರೂ ಬರ್ತಾರೆ. ನಮ್ಮ ಮಾವ.”

“ಗಂಡಸರದ್ದು ಬೀಗ ಹಾಕಾಯ್ತು ಮೇಡಂ, ಅದರ ಬೀಗದಕೈ ಒಳಗೆ ಕೊಟ್ಟುಬಿಟ್ಟೆ. ಅವರಿಗೂ ಅರ್ಜೆಂಟಾ?”

ದಾರಿಹೋಕರಿಬ್ಬರು ತಿರುಗಿ ನೋಡಿದರು. ಅವಳು ಹೌದು ಎನ್ನಲು ಬಾಯಿ ತೆರೆದಳು. “ಹೆಂಗಸರದ್ದೇ ಒಂದು ನಿಮಿಷ...” ಎಂದು ಶುರು ಮಾಡುವಷ್ಟರಲ್ಲಿ ಮಾವ ಎರಡೂ ಕೈ ಎತ್ತಿ, ಯಾರೋ ತಮ್ಮ ಮೇಲೆ ಕಳ್ಳತನ ಹೊರಿಸಿದಂತೆ, “ನಂಗಾ? ನಂಗೇನಿಲ್ಲಪ್ಪ, ನಂಗೇನಿಲ್ಲ. ಅವಳಿಗೇ. ನೀನು ಹೋಗ್ಬಾ ತಾಯಿ. ನಾನಿಲ್ಲೇ ನದಿ ನೋಡ್ತಾ ನಿಂತಿರ್ತೀನಿ” ಎಂದರು. ಆ ನಗುಮುಖ! ಅದರ ಎದುರು ಅವಳ ಧೈರ್ಯವೆಲ್ಲ ಕುಸಿಯಿತು. ನಂಗೂ ಬೇಡ ಎಂದರೆ ಮೊದಲ ಸುಳ್ಳು ಬಯಲಾಗುತ್ತದೆ. ಅವರಿಗೇ ಬೇಕಾಗಿರುವುದು ಎಂದರೆ ಬೀದಿಯ ನಡುವೆ ಅವರ ಪ್ಯಾಂಟು ಬಿಚ್ಚಿದ ಹಾಗೆ. ಅವಳು ಒಳಗೆ ಹೋದಳು.

ಹೋಗಿ, ಬಾಗಿಲ ಚಿಲಕ ಹಾಕಿಕೊಂಡು ನಿಂತಳು. ಬಿಳಿ ಹೆಂಚು, ಬಿಳಿ ಬೆಳಕು, ಎಲ್ಲ ಹೊಚ್ಚ ಹೊಸದು. ಅವಳಿಗೆ ಬೇಕಾಗಿರಲೇ ಇಲ್ಲ. ಆದರೆ ತಕ್ಷಣ ಹೊರಗೆ ಹೋದರೆ ಬೇಕಿರಲಿಲ್ಲ ಎಂದು ಗೊತ್ತಾಗುತ್ತದೆ. ಗೊತ್ತಾದರೆ, ತಾನು ಯಾಕೆ ಕೇಳಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಒಬ್ಬ ಹೆಂಗಸಿಗೆ ಎಷ್ಟು ಹೊತ್ತು ಬೇಕು? ಅವಳು ಗೋಡೆಗೆ ಒರಗಿ ಮನಸ್ಸಿನಲ್ಲೇ ಎಣಿಸತೊಡಗಿದಳು. ಇಪ್ಪತ್ತರ ಹೊತ್ತಿಗೆ ಕಾವಲುಗಾರ ಹೊರಗೆ ಬೀಗದಕೈಗಳನ್ನು ಕುಣಿಸುವುದು ಕೇಳಿಸಿತು. ನಲವತ್ತರ ಹೊತ್ತಿಗೆ, ಈ ಜಗತ್ತಿನಲ್ಲಿ ಈಗ ಅತ್ಯಂತ ಬೇಕಾದ ಜಾಗದಲ್ಲಿ ಅತ್ಯಂತ ಬೇಡದ ವ್ಯಕ್ತಿಯಾಗಿ ನಿಂತಿದ್ದೇನಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಅದು ದುಃಖದ ನೀರಲ್ಲ, ರೇಗಿದ ನೀರು. ಬಾಯಿ ಬಿಟ್ಟು ಹೇಳಬಾರದೇ ಈ ಮನುಷ್ಯ? ಹದಿನಾರು ವರ್ಷ, ಬಂದಾಗಲೆಲ್ಲ ಅವರ ಬಟ್ಟೆ ಮಡಚಿದ್ದೇನೆ, ಆಪರೇಷನ್ ಆದಾಗ ಗಾಯ ಒರೆಸಿದ್ದೇನೆ, ಅತ್ತೆಯ ಕೊನೆಯ ತಿಂಗಳುಗಳಲ್ಲಿ ಅತ್ತೆಯದ್ದೆಲ್ಲವನ್ನೂ ಈ ಕೈಯಲ್ಲೇ ಬಳಿದಿದ್ದೇನೆ, ಆಗ ಬಾಗಿಲಾಚೆ ನಿಂತು ಅಳುತ್ತಿದ್ದವರು ಇವರೇ ಅಲ್ಲವೇ? ಒಂದು ಮಾತು. ಅಮ್ಮಾ, ನಂಗೆ ಒತ್ತರಿಸ್ತಿದೆ ಅಂತ ಒಂದೇ ಮಾತು. ನಾನಾದರೂ ಹೇಳಿದೆನೇ ಎಂದು ಅನ್ನಿಸಿದ ಕೂಡಲೇ ಗುಂಡಿ ಒತ್ತಿದಳು. ನೀರು ಭೋರೆಂದು ಸುರಿಯಿತು. ಆ ಸದ್ದು ಹೊರಗೆ ತಡೆದುಕೊಂಡು ನಿಂತವರ ಕಿವಿಗೆ ಬಿದ್ದಿರುತ್ತದೆ ಎಂಬುದು ಹೊಳೆದಾಗ ನೀರು ಇನ್ನೂ ಸುರಿಯುತ್ತಲೇ ಇತ್ತು, ನಿಲ್ಲಿಸುವ ಹಾಗಿರಲಿಲ್ಲ.

ಹೊರಗೆ ಬಂದಾಗ ಮಾವ ನದಿಯ ಅಂಚಿನ ಮೋಟುಗೋಡೆಯ ಬಳಿ ಅವಳಿಗೆ ಬೆನ್ನು ಮಾಡಿ ನಿಂತಿದ್ದರು. ಬೆನ್ನು ನೆಟ್ಟಗಿತ್ತು, ಹೊಸ ಕೋಟಿನ ಅಳತೆಗೆ ನಿಂತವರಂತೆ. ಅವಳು ಹತ್ತು ಹೆಜ್ಜೆ ದೂರದಲ್ಲಿದ್ದಾಗ ನೋಡಿದಳು. ಎಡಗಾಲಿನ ಪ್ಯಾಂಟಿನ ಒಳಬದಿಯಲ್ಲಿ, ತೊಡೆಯಿಂದ ಶೂವರೆಗೆ, ಬೂದು ಬಣ್ಣ ಕಪ್ಪಾಗಿತ್ತು. ದೀಪ ಸರಿಯಾಗಿ ಅವರ ತಲೆಯ ಮೇಲೇ ಇತ್ತು. ಅವಳು ನಿಂತುಬಿಟ್ಟಳು. ಅವರಿಗೆ ಅವಳು ಬಂದದ್ದು ಗೊತ್ತಾಯಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ಪಕ್ಕದಲ್ಲಿ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು, ಹಿಂದೆ ದೋಣಿಗಳು ಬಂದು ನಿಲ್ಲುತ್ತಿದ್ದ ಕಟ್ಟೆ. ಮಾವ ಕಬ್ಬಿಣದ ಕಂಬಿ ಹಿಡಿದು ಇಳಿಯತೊಡಗಿದರು. ಅವಸರವಿಲ್ಲದೆ, ಒಂದೊಂದೇ ಮೆಟ್ಟಿಲು, ಮನೆಯ ಮಹಡಿಯಿಂದ ಇಳಿಯುವವರ ಹಾಗೆ. ನೀರು ಶೂ ಮುಟ್ಟಿತು. ನಿಲ್ಲಲಿಲ್ಲ. ಮಂಡಿ ಮುಟ್ಟಿತು. ಕೈಯಲ್ಲಿ ಕಂಬಿ ಹಿಡಿದುಕೊಂಡೇ, ಸೊಂಟದವರೆಗೆ ನೀರಿಗಿಳಿದು, ಅಲ್ಲಿ ಮೆಲ್ಲಗೆ ಕೂತರು. ಎದೆಯವರೆಗೆ ಒದ್ದೆಯಾಗಿ ಮತ್ತೆ ಎದ್ದರು. ಆಮೇಲೆ, ಆಮೇಲೆಯೇ, “ಅಯ್ಯೋ!” ಎಂದು ಕೂಗಿದರು.

ಬೆಂಚಿನವರು, ನಾಯಿಯವರು, ಕಾವಲುಗಾರ, ಎಲ್ಲರೂ ಓಡಿಬಂದರು. ಎಲ್ಲರಿಗಿಂತ ಮುಂಚೆ ಅವಳು ನೀರಿನಲ್ಲಿದ್ದಳು. ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿತ್ತು, ನೀರು ಚಳಿ ಹುಟ್ಟಿಸುವಷ್ಟು ತಣ್ಣಗಿತ್ತು. ಅವರ ತೋಳು ಹಿಡಿದಳು. “ಕಾಲು ಜಾರ್ತು ತಾಯಿ” ಅಂದರು ಮಾವ, ಎಲ್ಲರಿಗೂ ಕೇಳುವಂತೆ. ಆಮೇಲೆ ಅವಳ ಕಣ್ಣನ್ನೇ ನೋಡಿದರು. ಕೇಳುವ ನೋಟವಲ್ಲ, ಬೇಡುವ ನೋಟ. “ಹೌದು ಮಾವ, ಇಲ್ಲಿ ತುಂಬಾ ಜಾರತ್ತೆ” ಎಂದಳು ಅವಳೂ, ಎಲ್ಲರಿಗೂ ಕೇಳುವಂತೆ.

“ವಯಸ್ಸಾದವರನ್ನ ನೀರಿನ ಹತ್ರ ಒಬ್ರನ್ನೇ ಬಿಟ್ಟು ಎಲ್ಲಿಗೆ ಹೋಗಿದ್ರಿ?” ಎಂದಳು ಮಗುವಿನ ಗಾಡಿಯ ಹೆಂಗಸು, ನಿಜವಾದ ಕೋಪದಿಂದ.

“ಬಾತ್‌ರೂಮಿಗೆ” ಎಂದಳು ಅವಳು.

ಯಾರೋ ನಾಲಿಗೆ ಲೊಚಗುಟ್ಟಿದರು. ಕಾವಲುಗಾರ, ಹೌದು, ನಾನೇ ಬಿಟ್ಟಿದ್ದು, ಎರಡು ನಿಮಿಷದ ಮೇಲೇ ಒಳಗಿದ್ರು ಅಂತ ಸಾಕ್ಷಿ ಹೇಳಿದ. ಯಾರೋ ಕೊಟ್ಟ ಶಾಲನ್ನು ಮಾವನಿಗೆ ಹೊದಿಸಿ ಸೇತುವೆಯವರೆಗೆ ಉಳಿದ ದಾರಿಯನ್ನು ಇಬ್ಬರೂ ನಡೆದರು. ಶೂಗಳು ಪಚಪಚ ಅನ್ನುತ್ತಿದ್ದವು. ಈಗ ಅವರ ಹೆಜ್ಜೆ ಸಲೀಸಾಗಿತ್ತು. ಎದುರಿಗೆ ಬಂದವರು, ಅಯ್ಯೋ ನೀರಿಗೆ ಬಿದ್ರಾ ಅಂತ ಮರುಗುತ್ತಿದ್ದರು, ಅವರು ಪ್ರತಿಯೊಬ್ಬರಿಗೂ ನಿಂತು, ಕಾಲು ಜಾರಿದ ಕತೆಯನ್ನು ಒಂದೊಂದು ವಿವರ ಸೇರಿಸಿ ಹೇಳುತ್ತಿದ್ದರು. ಅವಳು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದಳು.

ಗಂಡ ಕಾರಿನ ಬಾಗಿಲು ತೆರೆದುಕೊಂಡೇ ನಿಂತಿದ್ದವನು ಅವರನ್ನು ಕಂಡು ಓಡಿಬಂದ. ಅಪ್ಪನ ಕೈಕಾಲು ಮುಟ್ಟಿ ನೋಡಿದ, ತನ್ನ ಕೋಟು ಬಿಚ್ಚಿ ಹೊದಿಸಿದ, ಹಿಂದಿನ ಸೀಟಿನಲ್ಲಿ ಕೂರಿಸಿ ಹೀಟರ್ ಹಾಕಿದ. ಅಷ್ಟು ಮಾಡುವವರೆಗೆ ಅವಳ ಮುಖ ನೋಡಲಿಲ್ಲ. ಕಾರು ಮುಖ್ಯರಸ್ತೆಗೆ ಬಂದ ಮೇಲೆ ಶುರು ಮಾಡಿದ. “ಒಂದು ಗಂಟೆ. ಒಂದೇ ಒಂದು ಗಂಟೆ ಒಬ್ಬ ಮನುಷ್ಯನ್ನ ನೋಡ್ಕೊಳ್ಳೋಕಾಗ್ಲಿಲ್ವಾ ನಿಂಗೆ? ಕಂಬಿ ಸಿಕ್ದೇ ಹೋಗಿದ್ರೆ? ಬೀದಿ ತೋರಿಸ್ತಾಳಂತೆ ಬೀದಿ. ಮೆಟ್ಟಿಲಿಗೆ ಒಂದು ಗೇಟಿಡ್ಬೇಕು ಅನ್ನೋದೂ ಗೊತ್ತಾಗಲ್ವಾ ನಿಮ್ಮ ಆಫೀಸಿನವರಿಗೆ?” ಅವಳು ಕನ್ನಡಿಯಲ್ಲಿ ಮಾವನನ್ನು ನೋಡಿದಳು. ಅವರು ಮಗನ ಕೋಟಿನೊಳಗೆ ಚಿಕ್ಕವರಾಗಿ, ಕಿಟಕಿಯಾಚೆ ನೋಡುತ್ತಿದ್ದರು. ಒಂದು ಮಾತು ಹೇಳಬಹುದಿತ್ತು, ಅವಳದೇನೂ ತಪ್ಪಿಲ್ಲ ಕಣೋ ಎಂದು. ಅವರು ಕೋಟನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. ಇವತ್ತು ಇಡೀ ಸಂಜೆ ಅವಳು ನುಂಗಿಕೊಂಡದ್ದೆಲ್ಲ ಎದ್ದು ಬಂತು. ಹೇಳಿಬಿಡುತ್ತೇನೆ. ಇವನಿಗೆ, ಇವರಿಗೆ, ಇಬ್ಬರಿಗೂ. ಆ ಶುಕ್ರವಾರದ ಮಧ್ಯಾಹ್ನದಿಂದ ಶುರು ಮಾಡಿ.

“ರೀ, ತಪ್ಪು ನಂದೇ. ಆದ್ರೆ ನೀವಂದ್ಕೊಂಡ ಹಾಗಲ್ಲ. ಅಲ್ಲಿ ಮುಂಚೆ ಒಂದು ಬಾತ್‌ರೂಮು...”

“ಕಾಲು ಜಾರ್ತು ಅಂದ್ನಲ್ಲ!”

ಹದಿನಾರು ವರ್ಷಗಳಲ್ಲಿ ಮಾವ ಅವಳ ಮುಂದೆ ದನಿಯೇರಿಸಿದ್ದು ಅದೇ ಮೊದಲು. ಗಂಡ ಬೆಚ್ಚಿ ಬ್ರೇಕ್ ಒತ್ತಿದ, ಹಿಂದಿನ ಕಾರು ಹಾರ್ನ್ ಹಾಕಿತು. ಕನ್ನಡಿಯಲ್ಲಿ ಅವರ ಕಣ್ಣುಗಳು ಅವಳ ಮೇಲೆ ನೆಟ್ಟಿದ್ದವು. ಅವುಗಳಲ್ಲಿದ್ದದ್ದು ಸಿಟ್ಟಲ್ಲ, ಭಯ. ತನ್ನ ಮಗನ ಮುಂದೆ ಇವಳು ಏನು ಹೇಳಲು ಹೊರಟಿದ್ದಾಳೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಅವರು ತಿಳಿದದ್ದು ತಪ್ಪು ಎಂದು ಅವರಿಗೆ ಹೇಳಲು ಅವಳ ಬಳಿ ಯಾವ ದಾರಿಯೂ ಇರಲಿಲ್ಲ. ಬಾತ್‌ರೂಮು ಎಂಬ ಶಬ್ದ ಬಾಯಿಗೆ ಬಂದರೆ ಸಾಕು, ಅದು ಅವರ ಗುಟ್ಟೇ ಆಗುತ್ತಿತ್ತು. ಅವಳದ್ದು ಅದರ ಕೆಳಗೆ ಹೂತುಹೋಗಿತ್ತು.

“ನೋಡು, ಅಪ್ಪ ಎಷ್ಟು ಹೆದರಿದಾರೆ ಅಂತ” ಎಂದ ಗಂಡ, ಈಗ ಮೆತ್ತಗೆ.

ಅವಳು ಮುಂದೆ ನೋಡುತ್ತ, “ಹೌದು. ನಾನು ಹತ್ರಾನೇ ಇರ್ಬೇಕಿತ್ತು” ಎಂದಳು.

ಹಿಂದಿನ ಸೀಟಿನಿಂದ ಉದ್ದನೆಯ ಉಸಿರೊಂದು ಹೊರಬಿತ್ತು. ಒದ್ದೆ ಬಟ್ಟೆ ಸೀಟಿನ ಮೇಲೆ ಸರಿದ ಸದ್ದಾಯಿತು. ಮಾವ ಮುಂದಕ್ಕೆ ಬಾಗಿ ಮಗನ ಭುಜ ತಟ್ಟಿದರು.

“ಹೋಗ್ಲಿ ಬಿಡೋ,” ಎಂದರು, ತುಂಬಾ ಅಕ್ಕರೆಯಿಂದ. “ಪಾಪ, ಅವಳೇನು ಬೇಕೂಂತ ಮಾಡಿದ್ಲಾ?”